ನೇರಳೆ ಪುಡಿಗೆ ಅಂಟಿನ ಅಂಗಿ

ನೇರಳೆ ಹಣ್ಣು ತಿಂದ ಮೇಲೆ ನಾಲಿಗೆಯನ್ನು ಕನ್ನಡಿಯಲ್ಲಿ ನೋಡಿಕೊಳ್ಳದವರು ಯಾರಿದ್ದಾರೆ ಹೇಳಿ. ಊಟವಾದರೂ ಬಿಡದೆ ಹಠ ಹಿಡಿದು ಕೂರುವ ಆ ಬಣ್ಣವೇ, ರಸ ಹಿಂಡಿ ಸೀಸೆಗೆ ತುಂಬಿ ಬಿಸಿಲಿಗಿಟ್ಟರೆ, ಆರಿದ ಚಹಾದಂತೆ ಕಂದಿಹೋಗುತ್ತದೆ. ಜೊತೆಗೆ ಅದರಲ್ಲಿರುವ, ಮೈಗೆ ಹಿತವಾದ ಸತ್ವವೂ. ಆ ಸತ್ವವನ್ನು ಉಳಿಸುವುದೇ ಪಿಂಪ್ರಿಯ ಪುಟ್ಟ ಪ್ರಯೋಗಾಲಯವೊಂದರಲ್ಲಿ ನನ್ನ ಕೆಲಸ. ರಸಕ್ಕೆ ಪಿಷ್ಟದ ಪುಡಿ ಕಲಸಿ ಬಿಸಿಗಾಳಿಗೆ ತುಂತುರಾಗಿ ಸಿಂಪಡಿಸಿದರೆ, ಒಂದೊಂದು ಹನಿಯೂ ಒಣಗುತ್ತ ತೆಳ್ಳನೆಯದೊಂದು ಅಂಗಿ ತೊಟ್ಟುಕೊಂಡು ಪುಡಿಯಾಗಿ ಉದುರುತ್ತದೆ. ಎಷ್ಟೋ ವರ್ಷ ನಾನು ಹೊಲಿದ ಅಂಗಿಗಳೆಲ್ಲ ಬಿಸಿಲಿಗೆ ಸೋತವು.

ಆಗ ನನ್ನ ಕೈಕೆಳಗೆ ಕೆಲಸ ಮಾಡುವ ಸುಮಾ ಬಾಣಂತನ ಮುಗಿಸಿ ಧಾರವಾಡದಿಂದ ಮರಳಿದಳು, ಬಾಣಂತಿಯರಿಗೆಂದೇ ಕಟ್ಟುವ ಅಂಟಿನುಂಡಿಯನ್ನು ಡಬ್ಬಿ ತುಂಬ ಹೊತ್ತು. “ಬಾಣಂತಿ ಸೊಂಟಾ ಗಟ್ಟಿ ಹಿಡಿಯೂ ಅಂಟು ನಿಮ್ಮ ನೇರಳಿ ಬಣ್ಣಾ ಹಿಡಿಯೂದಿಲ್ಲೇನ್ರಿ ಸರ್?” ಎಂದು ನಕ್ಕಳು. ನಾನೂ ನಕ್ಕೆ. ಉಂಡಿಗೆ ಹಾಕುವ ಅದೇ ಜಾಲಿ ಅಂಟು ಬೆರೆಸಿ ಅವಳು ಮಾಡಿದ ಮೊದಲ ಪುಡಿ ಕಿಟಕಿಯಲ್ಲಿ ನಾಲ್ಕು ವಾರ ಕೂತೂ ಕಂದಲಿಲ್ಲ. ನನ್ನದು ಕಂದಿತು. ಇದಕ್ಕೆ ಹೊಟ್ಟೆಕಿಚ್ಚು ಎನ್ನುತ್ತಾರೆ. ನನಗೆ ಮಾತ್ರ ಅದು ನೇರಳೆಯ ಒಗರಿನಂತೆ ಗಂಟಲಲ್ಲೇ ನಿಂತಿತ್ತು.

ಅವಳ ಪುಡಿಯನ್ನು ಬಾರಾಮತಿಯ ಕಾರ್ಖಾನೆಯಲ್ಲಿ ಪೀಪಾಯಿಗಟ್ಟಲೆ ಮಾಡುವುದೆಂದು ತೀರ್ಮಾನವಾಯಿತು. ಅಲ್ಲಿ ಕೆಲಸ ಶುರುವಾಗುವ ಹಿಂದಿನ ದಿನ ಕಿಟಕಿ ಒರೆಸಹೋದಾಗ ಕಂಡೆ: ಅವಳ ಸೀಸೆ ನನ್ನ ಸೀಸೆಯ ಹಿಂದಿತ್ತು. ಬಿಸಿಲೆಲ್ಲ ನನ್ನದರ ಮೇಲೆ, ನೆರಳೆಲ್ಲ ಅವಳದರ ಮೇಲೆ. ಇಟ್ಟವನು ನಾನೇ. ಜಾಗ ಸಾಲದೆ ಹಿಂದಿಟ್ಟೆ ಎಂದು ಇಲ್ಲಿ ಬರೆಯಹೊರಟಿದ್ದೆ. ನೆನಪು ನಮ್ಮನ್ನು ಹೀಗೆಯೇ ಸಭ್ಯರನ್ನಾಗಿಸುತ್ತದೆ. ಜಾಗ ಬೇಕಾದಷ್ಟಿತ್ತು. ಹೊರಗಿನಿಂದ ಬರುವವರ ಕಣ್ಣಿಗೆ ಕಿಟಕಿಯಲ್ಲಿ ನನ್ನದೇ ಮೊದಲು ಬೀಳಲಿ ಎಂದಿಟ್ಟಿರಬೇಕು. ಇದೂ ಈಗಿನ ಊಹೆ, ಪೂರ್ತಿ ನಂಬಬೇಡಿ.

ಸುಮ್ಮನಿದ್ದರೆ ಪೀಪಾಯಿಗಳು ಕಂದಬಹುದು, ಅವಳ ಹೆಸರೂ ಕೆಡಬಹುದು. ನಾನು ಬೆರಳೂ ಎತ್ತಬೇಕಿಲ್ಲ. ಆ ಚಿತ್ರವನ್ನು ಅರ್ಧ ದಿನ ಚಪ್ಪರಿಸಿದೆ. ಆಮೇಲೆ ಹೇಳಿಬಿಟ್ಟೆ. ನ್ಯಾಯಬುದ್ಧಿಯಿಂದಲ್ಲ, ಅವಳ ಗೆಲುವೆಲ್ಲ ನನ್ನ ಸೀಸೆಯ ನೆರಳಿನದು ಎಂದು ಅವಳೆದುರೇ ಹೇಳುವ ಆಸೆ ತಡೆಯಲಾಗಲಿಲ್ಲ.

ಸುಮಾ ಕಿಟಕಿಯನ್ನು ನೋಡಿದಳು, ನನ್ನನ್ನು ನೋಡಿದಳು. “ಅಂತೂ ನಿಮ್ಮ ಪುಡಿ ಒಂದ ಕೆಲಸಕ್ಕರ ಬಂತಲ್ರಿ ಸರ್!” ಎಂದವಳೇ ಬಾರಾಮತಿಗೆ ಫೋನು ಮಾಡಿ, ಒಂದು ತಿಂಗಳು ತಡೆಯಿರಿ ಎಂದು ಮರಾಠಿಯಲ್ಲಿ ಹೇಳಿದಳು. ಎರಡೂ ಪುಡಿಗಳನ್ನು ಹೊಸ ಸೀಸೆಗಳಿಗೆ ತುಂಬಿ, ನಡುವೆ ಗೇಣು ಜಾಗ ಬಿಟ್ಟು, ಬಿಸಿಲಿಗೆ ಸರಿಸಮನಾಗಿ ಇಟ್ಟಳು.

ಮತ್ತೆ ನಾಲ್ಕು ವಾರ. ಬೆಳಿಗ್ಗೆ ಚಪ್ಪಲಿ ಬಿಡುವ ಮೊದಲೇ ನನ್ನ ಕಣ್ಣು ಅವಳ ಸೀಸೆಯಲ್ಲಿ ಕಂದಿದ ಗುರುತು ಹುಡುಕುತ್ತಿತ್ತು. ತುಸು ಮಂಕಾಯಿತು, ಅಷ್ಟೇ. ಬಣ್ಣ ನಿಂತಿತು. ನನ್ನದು ಮತ್ತೆ ಕಂದಿತು.

ವರದಿ ಬರೆದು ನನ್ನ ಮುಂದಿಟ್ಟಳು. “ದಿನಾ ನನಗಿಂತ ಮೊದಲ ನೋಡಿದವ್ರು ನೀವ. ಸಾಕ್ಷಿಗೆ ನಿಮ್ಮ ಸಹಿನ ಇರ್ಲಿ.” ನಾನು ಏನನ್ನು ಹುಡುಕುತ್ತಿದ್ದೆನೆಂದು ಅವಳಿಗೆ ಗೊತ್ತಿತ್ತೇ? ಮುಖದಲ್ಲಿ ಏನೂ ಇರಲಿಲ್ಲ.

ಸಹಿ ಮಾಡಿದೆ. ಯಾವಾಗಲೂ ಸೊಟ್ಟಗೆ ಬರುವ ನನ್ನ ಅಕ್ಷರ ಆ ದಿನ ದುಂಡಗೆ, ಚೆಂದಗೆ ಬಂತು. ಅವಳ ಕಾಗದದ ಮೇಲೆ ಬಂತಲ್ಲ ಎಂದು ಆ ಅಕ್ಷರದ ಮೇಲೂ ಹೊಟ್ಟೆಕಿಚ್ಚಾಯಿತು.