ನರ್ಸಮ್ಮ ಕುಡಿಯದ ನೀರು

ಇವತ್ತು ಬೆಳಿಗ್ಗೆ ಹಾಸನದ ನಮ್ಮ ಬೀದಿಯ ನಲ್ಲಿಯಲ್ಲಿ ಬ್ಲೀಚಿಂಗ್ ಪೌಡರಿನ ಘಾಟು ಬಂತು. ಮೇಲಿನ ಟ್ಯಾಂಕ್ ತೊಳೆದಿದ್ದರಂತೆ. ಸೊಸೆ ಮೂಗು ಮುಚ್ಚಿಕೊಂಡು ನಗರಸಭೆಯವರನ್ನು ಬೈದಳು. ನಾನು ಬಿಂದಿಗೆಯನ್ನು ಅಲ್ಲೇ ಬಿಟ್ಟು ಒಳಗೆ ಬಂದು ಕೂತುಬಿಟ್ಟೆ. ಕೈ ತಣ್ಣಗಾಗಿತ್ತು. ನೀವು ನಗಬಹುದು, ಎಪ್ಪತ್ತು ದಾಟಿದ ಹೆಂಗಸು, ಅದರಲ್ಲೂ ಜೀವಮಾನವಿಡೀ ಮಕ್ಕಳಿಗೆ ಧೈರ್ಯದ ಪಾಠ ಹೇಳಿದ ಮೇಡಂ, ಒಂದು ವಾಸನೆಗೆ ಹೆದರುವುದೆಂದರೆ! ಕಾಯಿಲೆಯನ್ನು ಓಡಿಸುವ ಪುಡಿ ಅದು ಎಂದು ನನಗೂ ಗೊತ್ತು. ಆದರೆ ನನ್ನ ಮೂಗಿಗೆ ಗೊತ್ತಿಲ್ಲ.

ಅರವತ್ತರ ದಶಕದ ಮೊದಲ ವರ್ಷಗಳ ಮಾತು. ಹೊಳೆನರಸೀಪುರದಿಂದ ಹರದನಹಳ್ಳಿ ಕಡೆಗೆ ಹೋಗುವ ದಾರಿ ಬಿಟ್ಟು ಒಳಗೆ ನಡೆದರೆ ನಮ್ಮ ಊರು. ಊರು ಮುಗಿದ ಮೇಲೆ ನಮ್ಮ ಕೇರಿ. ಊರ ನಡುವೆ ಕಲ್ಲಿನ ಸೇದುಬಾವಿ ಇತ್ತು, ಅದು ನಮಗಲ್ಲ. ನಮಗೆ ಇದ್ದದ್ದು ಕೇರಿಯ ಕೆಳಗಿನ ಕಟ್ಟೆ, ಒಂದು ಪುಟ್ಟ ಕೆರೆ. ಎಮ್ಮೆಯ ಮೈ ತೊಳೆಯುವುದೂ ಬಟ್ಟೆ ಒಗೆಯುವುದೂ ಕುಡಿಯಲು ತುಂಬಿಕೊಳ್ಳುವುದೂ ಅಲ್ಲೇ. ಅವ್ವ ಸೆರಗನ್ನು ಬಿಂದಿಗೆಯ ಬಾಯಿಗೆ ಬಿಗಿದು ನೀರು ಸೋಸುತ್ತಿದ್ದಳು.

ಅವ್ವನಷ್ಟು ಚೊಕ್ಕದ ಹೆಂಗಸನ್ನು ನಾನು ಆಮೇಲೆಯೂ ಕಂಡಿಲ್ಲ. ಶಾಲೆಗೆ ಹೊರಡುವ ಮೊದಲು ಅಕ್ಕ ಕೆಂಪಿಯನ್ನೂ ನನ್ನನ್ನೂ ಬಾಗಿಲಲ್ಲಿ ನಿಲ್ಲಿಸಿಕೊಂಡು ಉಗುರು, ಕಿವಿಯ ಹಿಂಭಾಗ, ಹಿಮ್ಮಡಿ ಎಲ್ಲ ನೋಡುತ್ತಿದ್ದಳು. ನಾನು ಕಿವಿ ತೊಳೆಯದೆ ಕೂದಲು ಎಳೆದು ಮುಚ್ಚಿಕೊಳ್ಳುವ ಜಾಣೆ. ಸಿಕ್ಕಿಬಿದ್ದಾಗಲೆಲ್ಲ ಅವ್ವ ಹೊಡೆಯುತ್ತಿರಲಿಲ್ಲ, ಒಂದೇ ಮಾತು ಹೇಳುತ್ತಿದ್ದಳು:

“ನಮ್ಮುನ್ನ ಕೊಳಕು ಅನ್ನಾಕೆ ಅವರು ಕಾಯ್ತಾ ಕುಂತವ್ರೆ ಕಣೇ. ನೀನೇ ಓಗಿ ಅವರ ಬಾಯಿಗೆ ಬೀಳ್ಬೇಡ.”

‘ಅವರು’ ಯಾರೆಂದು ಕೇಳುವ ಅಗತ್ಯ ನಮಗೆ ಇರಲಿಲ್ಲ.

ಆ ಬೇಸಿಗೆಯಲ್ಲಿ ಪಕ್ಕದ ಊರಿಗೆ ವಾಂತಿಭೇದಿ ಬಂತು. ದೊಡ್ಡವರು ಅದರ ಹೆಸರು ಹೇಳುತ್ತಿರಲಿಲ್ಲ, “ಅದು ಬಂದದಂತೆ” ಎನ್ನುತ್ತಿದ್ದರು. ನನ್ನ ಮನಸ್ಸಿನಲ್ಲಿ ಅದಕ್ಕೆ ಕಾಲು, ಕೂದಲು ಎಲ್ಲ ಹುಟ್ಟಿಕೊಂಡವು. ನಾಯಿ ಬೊಗಳಿದರೆ ಸಾಕು, ಕೇರಿಯೊಳಗೆ ಕಾಲಿಟ್ಟಿತು ಎಂದುಕೊಂಡು ಅಕ್ಕನ ಮಗ್ಗುಲಿಗೆ ಸೇರಿಕೊಳ್ಳುತ್ತಿದ್ದೆ.

ಆಗಲೇ ಸರ್ಕಾರದ ಕಡೆಯಿಂದ ನರ್ಸಮ್ಮ ಬಂದದ್ದು. ಬಿಳಿ ಸೀರೆ, ಕಪ್ಪು ಕೊಡೆ, ಹಿಂದೆ ಬಿಳಿಪುಡಿಯ ಡಬ್ಬ ಹೊತ್ತ ಜವಾನ. ನಮ್ಮ ಜಗಲಿಯ ಮೇಲೆ ಕೂತು ಕೇರಿಯ ಮಕ್ಕಳನ್ನೆಲ್ಲ ಸೇರಿಸಿ ಹೇಳಿದರು. ಉಣ್ಣುವ ಮೊದಲು ಕೈ ತೊಳೆಯಿರಿ, ನೊಣ ಕೂತದ್ದನ್ನು ತಿನ್ನಬೇಡಿ, ನೀರನ್ನು ಕುದಿಸದೆ ಕುಡಿಯಬೇಡಿ. ಅಕ್ಕ ಬಾಯಿ ಬಿಟ್ಟುಕೊಂಡು ಕೇಳಿದಳು. ಅವ್ವ ಅಷ್ಟರಲ್ಲಿ ಹುಣಸೆಹಣ್ಣು ಹಾಕಿ ತಿಕ್ಕಿದ ಹಿತ್ತಾಳೆ ಚೊಂಬಿನಲ್ಲಿ ನೀರು ತಂದು ಅವರ ಮುಂದೆ ಹಿಡಿದಳು.

“ಬೇಡಮ್ಮ,” ಎಂದರು ನರ್ಸಮ್ಮ. ಅಷ್ಟೇ. ಚೊಂಬಿನ ಕಡೆ ನೋಡಲೂ ಇಲ್ಲ.

ಆಮೇಲೆ ಕೆಳಗಿನ ಕಟ್ಟೆಯತ್ತ ಕೈ ತೋರಿಸಿ, “ಆ ನೀರು ಬಳಸಬೇಡಿ. ಬಾವಿ ನೀರು ತನ್ನಿ,” ಎಂದರು.

“ಯಾವ ಬಾವಿದು ತರಾನಾ?” ಎಂದಳು ಅವ್ವ.

ನರ್ಸಮ್ಮ ಒಮ್ಮೆ ಊರಿನ ಕಡೆ ತಿರುಗಿ ನೋಡಿದರು. “ಹಾಗಾದರೆ ಕುದಿಸಿ. ತಪ್ಪದೆ ಕುದಿಸಿ,” ಎಂದು ಕೊಡೆ ಬಿಚ್ಚಿಕೊಂಡು ಹೊರಟರು.

ಅವ್ವ ಚೊಂಬಿನ ನೀರನ್ನು ಅಂಗಳಕ್ಕೆ ಚೆಲ್ಲಿದಳು. “ನಮ್ಮನೆ ನೀರು ಮುಟ್ಟದೋಳು ನಮಗೆ ನೀರಿನ ಬುದ್ಧಿ ಏಳಾಕೆ ಬಂದವ್ಳೆ,” ಎಂದಳು. ನೀರು ಕುದಿಸಲಿಲ್ಲ. ಅಕ್ಕ ಒಂದೆರಡು ಸಲ ಒಲೆಯ ಮೇಲೆ ಪಾತ್ರೆ ಇಡಲು ಹೋದಳು. “ಸೌದೆ ಅವಳ ಅಪ್ಪ ತಂದಾಕ್ತಾನಾ?” ಎಂದು ಅವ್ವ ಕೆಳಗಿಳಿಸಿದಳು. ಅವ್ವನ ಕಣ್ಣು ಕೆಂಪಾಗಿತ್ತು. ಅದು ಸಿಟ್ಟು ಎಂದುಕೊಂಡಿದ್ದೆ.

ಮೊದಲು ಹೋದವನು ನಮ್ಮ ಎದುರುಮನೆಯ ಕರಿಯಜ್ಜ. ಬೆಳಿಗ್ಗೆ ಬೇವಿನಕಡ್ಡಿಯಲ್ಲಿ ಹಲ್ಲುಜ್ಜುತ್ತಾ ನನ್ನನ್ನು ರೇಗಿಸಿದ್ದವನು ಸಂಜೆಗೆ ಇರಲಿಲ್ಲ. ಜವಾನ ಬಂದು ಅವನ ಮನೆಯ ಸುತ್ತ ಬಿಳಿಪುಡಿ ಎರಚಿದ. ಸಾವು ಬಂದ ಮನೆಗೆ ಗುರುತು ಹಾಕುತ್ತಿದ್ದಾರೆ ಎಂದು ನಾನು ತಿಳಿದುಕೊಂಡೆ.

ಕೆಲವೇ ದಿನಗಳಲ್ಲಿ ಅಕ್ಕ ಮಲಗಿದಳು. ಬೆಳಕು ಹರಿಯುವಾಗ ಶುರುವಾಗಿದ್ದು, ಬಿಸಿಲು ಏರುವುದರೊಳಗೆ ಅವಳ ಕಣ್ಣು ಒಳಕ್ಕೆ ಇಳಿದು ದನಿ ಉಡುಗಿಹೋಯಿತು. ‘ಅವ್ವಾ’ ಎಂದರೆ ಬರೀ ಗಾಳಿ ಬರುತ್ತಿತ್ತು. ಅಪ್ಪ ಓಡಿಹೋಗಿ, ಊರೊಳಗೆ ಬಿಡಾರ ಮಾಡಿದ್ದ ನರ್ಸಮ್ಮನನ್ನು ಕರೆತಂದ. ಅವರು ಬಂದವರೇ ಸೆರಗು ಸಿಕ್ಕಿಸಿ, “ಒಲೆ ಹಚ್ಚಿ,” ಎಂದರು. ನೀರನ್ನು ಕೊತಕೊತ ಕುದಿಸಿ, ಉಪ್ಪು ಹಾಕಿ ತೆಳ್ಳಗೆ ಗಂಜಿ ಮಾಡಿ, ಎರಡು ಪಾತ್ರೆಗಳಲ್ಲಿ ಎತ್ತಿ ಹುಯ್ದು ಆರಿಸಿದರು. ಅಕ್ಕ ಬಾಯಿ ಬಿಡಲಿಲ್ಲ. ಕುಡಿದರೆ ಮತ್ತೆ ವಾಂತಿಯಾಗಿ ಸಾಯುತ್ತೇನೆಂಬ ಹೆದರಿಕೆ ಅವಳಿಗೆ.

ನರ್ಸಮ್ಮ ಅದೇ ಗಂಜಿಯನ್ನು ನಮ್ಮ ಲೋಟಕ್ಕೆ ಬಗ್ಗಿಸಿಕೊಂಡು ಗಟಗಟ ಕುಡಿದರು. “ನೋಡು ಮಗಾ, ನಾನು ಕುಡಿದೆ. ಏನಾಯಿತು ನನಗೆ? ಈಗ ನೀನು.”

ಅಕ್ಕ ಬಾಯಿ ತೆರೆದಳು. ಅವ್ವ ಗೋಡೆ ಹಿಡಿದುಕೊಂಡು ನಿಂತಿದ್ದಳು.

ಅಪ್ಪ, ಅವ್ವ ಅಕ್ಕನನ್ನು ಎತ್ತಿನ ಗಾಡಿಯಲ್ಲಿ ಮಲಗಿಸಿ ಹೊಳೆನರಸೀಪುರದ ಆಸ್ಪತ್ರೆಗೆ ಕರೆದೊಯ್ದರು. ದಾರಿಯುದ್ದಕ್ಕೂ ಚಮಚದಲ್ಲಿ ಗಂಜಿ ಹಾಕುತ್ತಾ ನರ್ಸಮ್ಮನೂ ಹೋದರು. ನನ್ನನ್ನು ಪಕ್ಕದ ಮನೆಯವರ ಬಳಿ ಬಿಟ್ಟರು. ಗಾಡಿ ಮರೆಯಾದ ಮೇಲೆ ಜವಾನ ನಮ್ಮ ಮನೆಗೆ ಬಂದು ಬಾಗಿಲ ಮುಂದೆ ಬಿಳಿಪುಡಿ ಚೆಲ್ಲಿದ. ಎರಚಬೇಡ ಎಂದು ನಾನು ಅವನ ಕಾಲು ಹಿಡಿದುಕೊಂಡು ಅತ್ತದ್ದು ನೆನಪಿದೆ. ಅವನಿಗೆ ಅರ್ಥವಾಗಲಿಲ್ಲ. “ನಿಮ್ಮ ಒಳ್ಳೇದಕ್ಕೇ ಕಣಮ್ಮ,” ಎಂದ. ಅಲ್ಲಿಂದಾಚೆಗೆ ನಾನು ಮನೆಯೊಳಕ್ಕೆ ಹೋಗಲಿಲ್ಲ. ಆ ವಾಸನೆ ಪಕ್ಕದ ಮನೆಗೂ ಬರುತ್ತಿತ್ತು. ಊಟಕ್ಕೆ ಕೂತರೆ ಅನ್ನದಲ್ಲೂ ಅದೇ.

ಕೆಲವು ದಿನಗಳ ಮೇಲೆ ಅಪ್ಪ ಒಬ್ಬನೇ ಬರುವುದು ಕಾಣಿಸಿತು. ಒಬ್ಬನೇ! ನಾನು ಪಕ್ಕದ ಮನೆಯ ಒಳಗೆ ಓಡಿ ರಾಗಿ ತುಂಬಿದ ಮಣ್ಣಿನ ವಾಡೆಯ ಹಿಂದೆ ಅವಿತು ಎರಡೂ ಕಿವಿ ಮುಚ್ಚಿಕೊಂಡೆ. ಅಪ್ಪ ನನ್ನ ಕೈಗಳನ್ನು ಬಿಡಿಸಿ ಹೇಳಬೇಕಾಯಿತು: “ಬದುಕವ್ಳೆ ಕಣವ್ವಾ. ನಿನ್ನಕ್ಕ ಬದುಕವ್ಳೆ.”

ಅಕ್ಕ ಮನೆಗೆ ಬಂದ ಮೇಲೆ ನರ್ಸಮ್ಮ ನೋಡಲು ಬಂದರು. ಅವ್ವ ಕುದಿಸಿ ಆರಿಸಿದ ನೀರು ಕೊಟ್ಟಳು. ಅವರು ಕುಡಿದರು. ಆಮೇಲೆ ಅವ್ವ, “ಆವತ್ತು ಯಾಕೆ ಕುಡೀಲಿಲ್ಲ?” ಎಂದು ಕೇಳಿಯೇಬಿಟ್ಟಳು.

“ನಾನು ಗೌಡರ ಮನೆಯಲ್ಲೂ ಕುಡಿಯಲಿಲ್ಲಮ್ಮ. ಕಾಯಿಲೆ ಇರುವ ಕಡೆ ಕುದಿಸದ ನೀರು ಕುಡಿಯಬಾರದು ಅಂತ ನಮಗೆ ಹೇಳಿಕೊಟ್ಟಿದ್ದಾರೆ.”

“ಗೌಡ್ರ ಮನೇಲಿ ಬ್ಯಾಡ ಅಂದ್ರೆ ನಿಮಗೆ ಬಾಯಾರಿಲ್ಲ ಅಂದ್ಕೊತಾರೆ. ನಮ್ಮನೇಲಿ ಬ್ಯಾಡ ಅಂದ್ರೆ ನಾವೇನ್ ಅಂದ್ಕೊಬೇಕು? ಯಾಕೆ ಅಂತ ಒಂದ್ ಮಾತು ಏಳಿದ್ರೆ ನಾನು ಆವತ್ತೇ ಕುದಿಸ್ತಿದ್ದೆ ಕಣವ್ವಾ.”

ನರ್ಸಮ್ಮ ಲೋಟ ಕೆಳಗಿಟ್ಟರು. “ತಪ್ಪಾಯಿತು,” ಎಂದರು. ಅವ್ವ ಅಳುತ್ತಿದ್ದಳು, ತನ್ನ ತಪ್ಪಿಗೆ ಇರಬೇಕು. ಬಾವಿಯ ಮಾತನ್ನು ಮಾತ್ರ ಇಬ್ಬರೂ ಎತ್ತಲಿಲ್ಲ. ಅದರ ನೀರು ನಮಗೆ ಸಿಕ್ಕಿದ್ದು ಎಷ್ಟೋ ವರ್ಷಗಳ ಮೇಲೆ, ಅದೂ ಜಗಳವಾಡಿ.

ನಾನು ಓದಿ ಚನ್ನರಾಯಪಟ್ಟಣದ ಕಡೆ ಮೇಡಂ ಆದೆ. ಮಕ್ಕಳ ಉಗುರು ನೋಡುವಾಗ ಬೆತ್ತ ಹಿಡಿಯಲಿಲ್ಲ. ಪಕ್ಕಕ್ಕೆ ಕರೆದು, ಯಾಕೆ ಕತ್ತರಿಸಬೇಕೆಂದು ಹೇಳುತ್ತಿದ್ದೆ. ಹೊರಗಿನ ಮಕ್ಕಳಿಗೆ ಇಷ್ಟೆಲ್ಲ ಹೇಳಿದವಳು ಈ ವಾಸನೆಗೆ ಯಾಕೆ ಹೆದರುತ್ತೇನೆಂದು ಮನೆಯಲ್ಲಿ ಯಾರಿಗೂ ಹೇಳಿರಲಿಲ್ಲ.

ಈ ಬೆಳಿಗ್ಗೆ ಕೈ ಬೆಚ್ಚಗಾದ ಮೇಲೆ ಮಲ್ಲಿಪಟ್ಟಣದಲ್ಲಿರುವ ಅಕ್ಕನಿಗೆ ಫೋನ್ ಮಾಡಿದೆ. “ನಿಂಗಿನ್ನೂ ಭಯಾನಾ? ಸಾಯಾಕೆ ಓಗಿದ್ದೋಳು ನಾನು ಕಣೇ!” ಎಂದು ನಕ್ಕಳು. ಆಮೇಲೆ ಮೆಲ್ಲಗೆ ಹೇಳಿದಳು: “ಆವತ್ತು ನನ್ನ ಬೆರಳು ಮುದುಕೀದರಂಗೆ ಸುಕ್ಕಾಗಿದ್ವು. ಈಗ್ಲೂ ಮೊಮ್ಮಕ್ಕಳು ಒಂದ್ಸಲ ವಾಂತಿ ಮಾಡ್ಕೊಂಡ್ರೆ ಮೊದ್ಲು ಅವರ ಬೆರಳು ನೋಡ್ತೀನಿ.”

“ಯಾಕೆ ನೋಡ್ತೀಯ ಅಂತ ಅವರಿಗೆ ಹೇಳಿದ್ದೀಯಾ?”

“ಇಲ್ಲ. ಅಜ್ಜಿಗೆ ಅರಳುಮರಳು ಅಂದ್ಕೊಂಡವ್ರೆ.”

“ಹೇಳು ಅಕ್ಕಾ,” ಎಂದೆ.

ಫೋನ್ ಇಟ್ಟು ಸೊಸೆಯನ್ನು ಕರೆದು ಪಕ್ಕದಲ್ಲಿ ಕೂರಿಸಿಕೊಂಡೆ.