ಯಾರದೋ ಪಾಲಿನ ನೀರು

ಸತ್ತವರು ಬಂದು ಉಣ್ಣುತ್ತಾರೆ, ನೀರು ಕುಡಿಯುತ್ತಾರೆ ಎಂದರೆ ನಗುತ್ತಿದ್ದವನು ನಾನು. ಊರಲ್ಲಿ ಅಮ್ಮ ತೀರಿಹೋದ ಹಿರಿಯರಿಗೆ ಎಲೆಯಲ್ಲಿ ಬಡಿಸಿ, ಬಾಗಿಲೆಳೆದು ಹೊರಗೆ ನಿಂತರೆ, ಒಳಗೆ ಬೆಕ್ಕು ಉಣ್ಣುತ್ತಿದೆ ಎಂದು ತಮಾಷೆ ಮಾಡುತ್ತಿದ್ದೆ. ಈಗ ಮಾಡುವುದಿಲ್ಲ. ಹಾಗೆಂದು ನಂಬುತ್ತೇನೆ ಅಂತಲೂ ಅಲ್ಲ.

ತೊಂಬತ್ತರ ದಶಕದ ಕೊನೆಯ ಮಾತು. ನಾನಾಗ ದುಬೈಯ ಕರಾಮದಲ್ಲಿದ್ದೆ. ದೊಡ್ಡಮ್ಮನ ಮಗಳು ಶಶಿಯಕ್ಕ ಜಪಾನಿನಲ್ಲಿ ಸಂಶೋಧಕಿ. ಎರಡನೇ ಮಹಾಯುದ್ಧಕ್ಕೆ ಹೋಗಿ ಬಂದ ಅಲ್ಲಿನ ಮುದುಕರ ನೆನಪುಗಳನ್ನು ಟೇಪಿನಲ್ಲಿ ಸಂಗ್ರಹಿಸುತ್ತಿದ್ದಳು. ಅಂಥವರಲ್ಲಿ ಒಬ್ಬರು ಅಷ್ಟು ಬೆನ್ನುಬಿದ್ದರೂ ಬಾಯಿ ಬಿಟ್ಟಿರಲಿಲ್ಲ. ಆ ಚಳಿಗಾಲ ಅವರು ಅಬುಧಾಬಿಯ ಮಗನ ಮನೆಯಲ್ಲಿದ್ದರು. ಬೆಳಗ್ಗೆ ಬೇಗ ಬಂದರೆ ಮಾತಾಡುತ್ತೇನೆ ಎಂದರಂತೆ. ಶಶಿಯಕ್ಕ ವಿಮಾನ ಹತ್ತಿ ಬಂದಳು. ನಾನು ಕಾರು ತೆಗೆದೆ.

ನಾವು ಮುಟ್ಟುವಾಗ ಬೆಳಕು ಹರಿಯುತ್ತಿತ್ತು. ಮುದುಕರು ಬಾಗಿ ವಂದಿಸಿ ಒಳಗೆ ಕರೆದರು. ಕಿಟಕಿಯ ಪಕ್ಕದ ಪುಟ್ಟ ಮೇಜಿನ ಮೇಲೆ ಒಂದು ಲೋಟ ನೀರಿತ್ತು. ನಮ್ಮ ಕಡೆ ಬಂದವರಿಗೆ ಮೊದಲು ಬೆಲ್ಲ, ನೀರು ಇಡುವುದು ವಾಡಿಕೆ. ಮುಟ್ಟದಿದ್ದರೆ ಮನೆಯವರಿಗೆ ಬೇಸರ. ನಮಗೇ ಇಟ್ಟದ್ದೆಂದುಕೊಂಡು ಎತ್ತಿ ಗಟಗಟನೆ ಕುಡಿದುಬಿಟ್ಟೆ.

ಮುದುಕರ ಮುಖ ಬಿಳಿಚಿತು. ಜಪಾನಿಯಲ್ಲಿ ಏನೋ ಅಂದರು.

"ಎಂತ ಮಾಡಿದ್ದು ಮಾರಾಯ ನೀನು! ಅದು ಸತ್ತವರಿಗೆ ಇಟ್ಟ ನೀರಂತೆ," ಎಂದಳು ಶಶಿಯಕ್ಕ.

ಬರ್ಮಾದ ಕಾಡಿನಲ್ಲಿ ಅವರ ಜೊತೆಗಾರನೊಬ್ಬ ಜ್ವರದಲ್ಲಿ ನೀರು ಕೇಳುತ್ತ ಸತ್ತಿದ್ದ. ಇವರ ಬಾಟಲಿಯಲ್ಲಿ ಒಂದಿಷ್ಟಿತ್ತು. ಇಲ್ಲ ಎಂದು ಸುಳ್ಳು ಹೇಳಿ, ಅದನ್ನು ತಾವೇ ಕುಡಿದು ಬದುಕಿದರು. ಅಂದಿನಿಂದ ದಿನಾ ಬೆಳಗ್ಗೆ ಅವನಿಗೊಂದು ಲೋಟ. ಇದನ್ನು ಮಗನಿಗೂ ಹೇಳಿರಲಿಲ್ಲ. ನಾನು ಕೈಮುಗಿದು ಕ್ಷಮೆ ಕೇಳಿದೆ. ಅವರಿಗೆ ಕೋಪವಿರಲಿಲ್ಲ, ಲೋಟವನ್ನೇ ನೋಡುತ್ತಿದ್ದರು. ಇಷ್ಟು ವರ್ಷದಲ್ಲಿ ಅದು ಖಾಲಿಯಾದದ್ದು ಅಂದೇ ಅಂತೆ.

ಹಿಂದಿರುಗುವಾಗ ಹೆದ್ದಾರಿಯ ತುಂಬ ಮಂಜು. ಆಫೀಸಿಗೆ ಹೊತ್ತಾಗಿತ್ತೆಂದು ವೇಗ ತಗ್ಗಿಸಿರಲಿಲ್ಲ. ಇದ್ದಕ್ಕಿದ್ದಂತೆ ಬಾಯಾರಿತು. ಅಂಥ ಬಾಯಾರಿಕೆಯನ್ನು ಹಿಂದೆಂದೂ ಕಂಡಿರಲಿಲ್ಲ. ನಾಲಿಗೆ ಮರದ ತುಂಡಿನಂತಾಯಿತು. ಪೆಟ್ರೋಲ್ ಪಂಪಿನ ದೀಪ ಕಂಡದ್ದೇ ಒಳಗೆ ತಿರುಗಿಸಿದೆ. ಹಿಂದೆ ಬರುತ್ತಿದ್ದ ಬಿಳಿ ಪಿಕಪ್ ಹಾರ್ನ್ ಹೊಡೆದು ಮುಂದೆ ಹೋಯಿತು.

"ಈಗಷ್ಟೇ ಒಬ್ಬರ ಪಾಲಿನದ್ದು ಕುಡಿದು ಬಂದಿದ್ದೀ. ಅದು ಹೊಟ್ಟೆಯಾ, ಟಾಂಕಿಯಾ?" ಎಂದು ಶಶಿಯಕ್ಕ ನಕ್ಕಳು. ನಾನು ಬಾಟಲಿ ಕೊಂಡು ಒಂದೇ ಉಸಿರಿಗೆ ಮುಗಿಸಿದೆ. ಆಗ ಮಂಜಿನೊಳಗಿಂದ ಒಂದರ ಹಿಂದೊಂದು ವಾಹನ ಗುದ್ದುವ ಸದ್ದು ಕೇಳಿತು.

ಓಡಿದೆವು. ಆ ಬಿಳಿ ಪಿಕಪ್ ಟ್ರೈಲರಿನ ಅಡಿಗೆ ನುಗ್ಗಿತ್ತು. ಡ್ರೈವರ್ ನನ್ನ ಪ್ರಾಯದವನು. ನನ್ನ ಕೈಯಲ್ಲಿದ್ದ ಬಾಟಲಿ ನೋಡಿ "ಪಾನಿ, ಭಾಯ್" ಎಂದ.

ಬಾಟಲಿ ಖಾಲಿಯಾಗಿತ್ತು. ಪಂಪಿಗೆ ಓಡಿ ನೀರು ತರುವಷ್ಟರಲ್ಲಿ ಅವನು ಹೋಗಿದ್ದ.

ನಿಲ್ಲಿಸದಿದ್ದರೆ ಅವನ ಜಾಗದಲ್ಲಿ ನಾವಿರುತ್ತಿದ್ದೆವು. ಆ ಬಾಯಾರಿಕೆ ಸಕ್ಕರೆ ಕಾಯಿಲೆಯದ್ದೇನೋ ಎಂದು ತೋರಿಸಿಕೊಂಡರೆ, ಡಾಕ್ಟರು ರಕ್ತ ಪರೀಕ್ಷಿಸಿ ನನಗೇನೂ ಇಲ್ಲವೆಂದರು. ಮುಂದೆ ಆ ಟೇಪುಗಳಿಂದ ಶಶಿಯಕ್ಕ ಬರೆದ ಪುಸ್ತಕ ಬಂತು. ಆ ಮುದುಕರ ಮಾತು ಅದರಲ್ಲಿರಲಿಲ್ಲ. ಕೇಳಿದಾಗ, "ಹೇಗೆ ಬರೆಯುವುದು ಮಾರಾಯ, ಅದರೊಳಗೆ ಈಗ ನಾವೂ ಇದ್ದೇವಲ್ಲ," ಎಂದಳು.

ಅಂದು ನನಗಾದ ಬಾಯಾರಿಕೆ ಯಾರದ್ದು, ಇಂದಿಗೂ ತಿಳಿದಿಲ್ಲ. ಬೆಳಗ್ಗೆ ನಾನೂ ಕಿಟಕಿಯ ಬಳಿ ಒಂದು ಲೋಟ ನೀರಿಡುತ್ತೇನೆ. ಸಂಜೆಗೆ ಅದು ಹಾಗೆಯೇ ಇರುತ್ತದೆ.