ಇಂತಿಷ್ಟು ಜನರಲ್ಲಿ ಒಬ್ಬರಿಗೆ

ನನಗೆ ಸುಮ್ಮನೆ ಕೂರಲು ಬರುವುದಿಲ್ಲ. ಹೊಳಲ್ಕೆರೆಯ ಮನೆಯಲ್ಲಿ ಊಟಕ್ಕೆ ಕೂತರೂ ನಡುವೆ ಎದ್ದು ಓಡಾಡುತ್ತೇನೆ. ಇವಳು ಕಾಲಿಗೆ ಚಕ್ರ ಕಟ್ಟಿಕೊಂಡೇ ಹುಟ್ಟಿದಳು ಎಂದು ಅಮ್ಮ ಬೈಯುತ್ತಾಳೆ. ಅಂಥವಳಿಗೆ ವಿಶ್ವವಿದ್ಯಾಲಯದಲ್ಲಿ ಸಿಕ್ಕ ಕೆಲಸವೆಂದರೆ ಒಂದು ಕಾರ್ಡು ಹಿಡಿದು ಓದುವುದು, ಓದಿ ಬಾಯಿ ಮುಚ್ಚಿಕೊಂಡು ಕೂರುವುದು. ಕಾಯಿಲೆಯ ಅಪಾಯವನ್ನು ಜನಕ್ಕೆ ಹೇಗೆ ಹೇಳಿದರೆ ನಾಟುತ್ತದೆ ಎನ್ನುವುದು ನಮ್ಮ ಸಂಶೋಧನೆ. ಕೆಲವು ಊರಿನಲ್ಲಿ ಬರೀ ಎಚ್ಚರಿಕೆ ಹೇಳಬೇಕು, ಕೆಲವು ಊರಿನಲ್ಲಿ ಲೆಕ್ಕ ಹೇಳಬೇಕು. ತಾಳ್ಯದ ಪಾಲಿಗೆ ಎಚ್ಚರಿಕೆ ಬಂತು, ಹಿರಿಯೂರು ತಾಲ್ಲೂಕಿನ ಯಲ್ಲದಕೆರೆಯ ಪಾಲಿಗೆ ಲೆಕ್ಕ ಬಂತು. ಕಾರ್ಡಿನಲ್ಲಿ ಇಲ್ಲದ ಒಂದು ಮಾತು ಸೇರಿಸಿದರೂ ಅಧ್ಯಯನ ಕೆಡುತ್ತದೆ ಎಂದು ನಮ್ಮ ಸರ್ ಕಟ್ಟುನಿಟ್ಟಾಗಿ ಹೇಳಿದ್ದರು.

ಕಾಯಿಲೆ ಕಂದು ರೋಗ. ಕುರಿ ದಿನ ತುಂಬುವ ಮೊದಲೇ ಕಂದು ಹಾಕುತ್ತದಲ್ಲ, ಅದೇ. ಆ ಕುರಿಯನ್ನು ಬರಿಗೈಯಲ್ಲಿ ಮುಟ್ಟಿದವರಿಗೂ ಹತ್ತಬಹುದು: ಸಂಜೆಯಾದರೆ ಜ್ವರ, ಬೆವರು, ಸೊಂಟ ಮುರಿದು ಬೀಳುವಂಥ ನೋವು. ಬಸುರಿಗೆ ಬಂದರೆ ಹೊಟ್ಟೆಯಲ್ಲಿನ ಕೂಸಿಗೇ ಕುತ್ತು. ಕಾರ್ಡಿಗೆ ಚಿತ್ರ ಬರೆದ ಪುಣ್ಯಾತ್ಮ, ಕಂದು ಎಂದರೆ ಬಣ್ಣ ಎಂದುಕೊಂಡು ಕುರಿಗಳಿಗೆಲ್ಲ ಕಾಫಿಪುಡಿ ಬಣ್ಣ ಬಳಿದಿದ್ದ. ನಮ್ಮವು ಕರಿ ಕುರಿ, ನಮಗೇನೂ ಭಯವಿಲ್ಲ ಎಂದು ಯಲ್ಲದಕೆರೆಯ ಹೆಂಗಸರು ಬಿದ್ದು ಬಿದ್ದು ನಕ್ಕರು. ನನಗೆ ನಗು ಬರಲಿಲ್ಲ.

ಯಾಕೆಂದರೆ ನಾವು ಕೂತಿದ್ದ ಮನೆಯ ಸೊಸೆ, ಚೊಚ್ಚಲ ಬಸುರಿ, ಅಂಥ ಬಿಸಿಲಿನಲ್ಲೂ ಕಂಬಳಿ ಹೊದ್ದು ಗೋಡೆಗೆ ಒರಗಿದ್ದಳು. ಹಿಂದಿನ ತಿಂಗಳು ಅವರ ರೊಪ್ಪದಲ್ಲಿ, ಅಂದರೆ ಕುರಿದೊಡ್ಡಿಯಲ್ಲಿ, ಕುರಿಗಳು ಕಂದು ಹಾಕಿದಾಗ ಕೈ ಹಾಕಿ ಎಳೆದವಳು ಅವಳೇ ಎಂದು ಪಕ್ಕದ ಮನೆಯವರು ಹೇಳಿದ್ದರು. ಜ್ವರವೇ ಎಂದು ಕೇಳಿದ್ದಕ್ಕೆ, ಬಸುರಿಗೆ ಮೈ ಬೆಚ್ಚಗಾಗುವುದು ಇದ್ದದ್ದೇ ಎಂದು ಹಾರಿಸಿಬಿಟ್ಟಳು. ಏಳೇ, ಆಸ್ಪತ್ರೆಗೆ ನಡಿ ಎನ್ನುವ ಮಾತು ನನ್ನ ನಾಲಿಗೆ ತುದಿಗೆ ಬಂದಿತ್ತು. ಅದನ್ನು ನುಂಗಿಕೊಂಡು ಕಾರ್ಡು ಓದಿದೆ: ಇಂತಿಷ್ಟು ಜನರಲ್ಲಿ ಒಬ್ಬರಿಗೆ ಈ ರೋಗ ಇರಬಹುದು, ನಾಳೆ ಆಸ್ಪತ್ರೆಯಲ್ಲಿ ರಕ್ತ ಪರೀಕ್ಷೆ ಇದೆ, ಬೇಕಾದವರು ಬರಬಹುದು.

ಅಂಗಳದಲ್ಲಿದ್ದವರು, ತಮ್ಮೊಳಗೇ ಒಬ್ಬ ಕಳ್ಳಿ ಇದ್ದಾಳೆ ಎಂದು ನಾನು ಹೇಳಿದ ಹಾಗೆ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಆ ಒಬ್ಬರು ಯಾರು ಎಂದು ಒಬ್ಬಾಕೆ ಕೇಳಿಯೂಬಿಟ್ಟಳು. ಎಲ್ಲರ ಕಣ್ಣೂ ಮೆಲ್ಲಗೆ ಕಂಬಳಿಯ ಕಡೆ ಹೊರಳುವುದು ನನಗೆ ಕಂಡಿತು. ಅವಳ ಅತ್ತೆಗೂ ಕಂಡಿತು. ಆ ಅತ್ತೆ, ತಲೆ ನರೆತ ಅಜ್ಜಿ, ಸೆರಗು ಬಿಗಿದುಕೊಂಡು ಎದ್ದು ನಿಂತಳು.

"ಆ ಒಬ್ಳು ನಾನೇ ಅಂತ ಬರ್ಕಳವ್ವ. ಸೊಂಟನೋವು ನನಗೈತೆ, ಜ್ವರಾನೂ ನನಗೈತೆ. ಇವ್ರನ್ನೆಲ್ಲ ಬಿಟ್ಬಿಡು."

ಆ ಒಬ್ಬರು ಸಿಕ್ಕಿಬಿಟ್ಟರಲ್ಲ, ಉಳಿದವರೆಲ್ಲ ನಿರಾಳವಾದರು. ಸೊಸೆಯೂ ನಕ್ಕಳು. ಮಾರನೆಯ ದಿನ ರಕ್ತ ಕೊಡಲು ಬಂದವಳು ಅಜ್ಜಿ ಒಬ್ಬಳೇ. ಸರ್‌ಗೆ ಫೋನಿನಲ್ಲಿ ಹೇಳಿದರೆ ಅವರಿಗೆ ಖುಷಿಯೋ ಖುಷಿ. ಲೆಕ್ಕವನ್ನು ಜನ ಹೀಗೂ ಕೇಳಿಸಿಕೊಳ್ಳುತ್ತಾರೆಂದು ಯಾರೂ ಯೋಚಿಸಿಲ್ಲ, ಒಂದಕ್ಷರ ಬಿಡದೆ ಬರೆದಿಡು ಎಂದರು. ನನಗೆ ಮೈಯೆಲ್ಲ ಉರಿದುಹೋಯಿತು. ಕಂಬಳಿ ಹೊದ್ದವಳ ಗತಿ ಏನು ಎಂದು ಕೇಳಿದೆ. ವರದಿ ಬರಲಿ, ಆಮೇಲೆ ನೋಡೋಣ ಎಂದು ಫೋನಿಟ್ಟರು.

ವರದಿ ಬರುವವರೆಗೆ ನನ್ನ ಕಾಲು ಒಂದು ಕಡೆ ನಿಲ್ಲಲಿಲ್ಲ. ಚಿತ್ರದುರ್ಗದ ಬಸ್‌ಸ್ಟ್ಯಾಂಡಿನಲ್ಲಿ ಹಿರಿಯೂರು ಬಸ್ಸು ಹತ್ತುವುದು, ಹೋಗಿ ಏನೆಂದು ಹೇಳಲಿ ಎಂದು ಇಳಿಯುವುದು, ಮತ್ತೆ ಹತ್ತುವುದು. ಇಳಿಯೋದಾದ್ರೆ ಇಳೀರಿ, ಬಾಗ್ಲಲ್ಲಿ ನಿಲ್ಬೇಡ್ರಿ ಎಂದು ಕಂಡಕ್ಟರ್ ಗದರಿದ.

ವರದಿ ಬಂತು. ಅಜ್ಜಿಗೆ ರೋಗವಿಲ್ಲ, ವಯಸ್ಸಿನ ಸೊಂಟನೋವು ಅಷ್ಟೆ. ಇಷ್ಟಾದರೂ ಒಳ್ಳೆಯ ಸುದ್ದಿ ಇದೆಯಲ್ಲ ಎಂದು ಓಡಿಹೋಗಿ ಹೇಳಿದೆ. ಅಜ್ಜಿ ಹೊಸ್ತಿಲ ಮೇಲೆ ಕುಸಿದು ಕೂತಳು.

"ಸರಿಯಾಗಿ ನೋಡ್ಸವ್ವ. ನನಗಿಲ್ಲ ಅಂದ್ರೆ ಅದು ಯಾರ ಪಾಲಿಗೆ ಹೋತು?"

ಕಣ್ಣೀರು ಸದ್ದಿಲ್ಲದೆ ಇಳಿಯುತ್ತಿತ್ತು. ಅಧ್ಯಯನ ಹಾಳಾಗಿ ಹೋಗಲಿ ಎಂದು ಕಾರ್ಡನ್ನು ಬ್ಯಾಗಿಗೆ ತುರುಕಿ ಒಳಗೆ ನುಗ್ಗಿದೆ. ಲೆಕ್ಕ ಗಿಕ್ಕ ಬಿಡು ತಂಗಿ, ಕುರಿಗೆ ಕೈ ಹಾಕಿದವಳು ನೀನು, ಸಂಜೆಯಾದರೆ ಬೇಯುತ್ತಿರುವವಳೂ ನೀನೇ, ಏಳು ಎಂದೆ. ಸೊಸೆ ಅತ್ತೆಯ ಮುಖ ನೋಡಿದಳು. ಅತ್ತೆಯೇ ಅವಳ ರಟ್ಟೆ ಹಿಡಿದು ಎಬ್ಬಿಸಿ ಆಟೋ ಹತ್ತಿಸಿದಳು. ಆ ಊರನ್ನು ಅಧ್ಯಯನದಿಂದಲೇ ಕೈಬಿಡಬೇಕಾಗುತ್ತದೆ ಎಂದು ಸರ್ ರೇಗಿದರು. ಬಿಡಿ ಸರ್ ಎಂದೆ.

ಅವಳಿಗೆ ರೋಗ ಇತ್ತು. ವಾರಗಟ್ಟಲೆ ತಪ್ಪದೆ ಗುಳಿಗೆ ನುಂಗಬೇಕು. ಕೂಸಿನ ಎದೆಬಡಿತ ಸದ್ಯಕ್ಕೆ ಚೆನ್ನಾಗಿದೆ, ಹೆರಿಗೆಯಾಗುವ ತನಕ ಏನೂ ಹೇಳಲಾಗದು ಎಂದರು ಡಾಕ್ಟರು. ಇನ್ನು ರೊಪ್ಪದ ಕಡೆ ಅವಳು ಸುಳಿಯಲೇಬಾರದು. ಹಿರಿಯೂರಿನ ಮೆಡಿಕಲ್ ಶಾಪಿನಲ್ಲಿ ಗ್ಲೌಸು ಕೊಂಡು, ಇದನ್ನೆಲ್ಲ ಹೇಳಲು ಹೋದೆ. ಅಜ್ಜಿ ಪೂರ್ತಿ ಕೇಳಿಸಿಕೊಂಡಳು.

"ನಾನು ತಗಂಡಿದ್ನಲ್ಲವ್ವ," ಎಂದಳು. "ಹೆಂಗೆ ತಪ್ಪಿಸ್ಕಂಡು ಹೋತು?"

ಇದಕ್ಕೆ ನಮ್ಮ ಪಾಠದಲ್ಲಿ ಉತ್ತರವಿದೆ. ಒಬ್ಬರಿಗೆ ಬಂದರೆ ಇನ್ನೊಬ್ಬರಿಗೆ ತಪ್ಪುತ್ತದೆ ಎಂದೇನೂ ಇಲ್ಲ. ಆ ಮುಖ ನೋಡಿಕೊಂಡು ಅದನ್ನು ಹೇಳಲು ನನಗೆ ಬಾಯಿ ಬರಲಿಲ್ಲ. ಬದಲಿಗೆ ರೋಗ ಹೇಗೆ ಹತ್ತುತ್ತದೆ ಎಂದು ಬಿಡಿಸಿ ಹೇಳಿದೆ: ಕುರಿ ಈದ ಮೇಲೆ ಬೀಳುವ ಮಾಸು, ರಕ್ತ, ಈಯುವಾಗ ಒಡೆಯುವ ನೀರು, ಬರಿಗೈ, ಕೈ ಮೇಲಿನ ಸಣ್ಣ ಗಾಯ. ಅವಳ ಬಾಯಲ್ಲೂ ಹೇಳಿಸಿದೆ. ಒಂದೂ ತಪ್ಪದೆ ಹೇಳಿದಳು. ಇಷ್ಟು ದಿನಕ್ಕೆ ಒಬ್ಬರಿಗಾದರೂ ನಾಟಿತಲ್ಲ ಎಂದು ನನ್ನ ಜೀವ ತಣ್ಣಗಾಯಿತು.

ಅಷ್ಟರಲ್ಲಿ ರೊಪ್ಪದಲ್ಲಿ ಕುರಿಯೊಂದು ಈಯುವ ನೋವು ತಿನ್ನುತ್ತಾ ಅರಚತೊಡಗಿತು. ಸೊಸೆ ಎದ್ದಳು, ಅಜ್ಜಿ ಅವಳ ಭುಜ ಒತ್ತಿ ಕೂರಿಸಿ ತಾನೇ ಹೋದಳು. ನಾನು ಗ್ಲೌಸು ಹಿಡಿದು ಹಿಂದೆಯೇ ಓಡಿದೆ. ಅವಳು ಆಗಲೇ ಕುರಿಯ ಹಿಂದೆ ಕುಕ್ಕರಗಾಲಲ್ಲಿ ಕೂತು ಬಳೆ ಮೇಲಕ್ಕೆ ಸರಿಸುತ್ತಿದ್ದಳು. ನಾನು ಚಾಚಿದ ಕೈಯನ್ನು ಮೆಲ್ಲಗೆ ಆಚೆ ತಳ್ಳಿದಳು.

"ಇದ್ನ ಹಾಕ್ಕಂಡ್ರೆ ಆ ಕಾಯ್ಲೆ ನನಗೆ ಹೆಂಗವ್ವ ಬರ್ತೈತೆ?"